ಡಾರ್ಸಿ ಆಟ ಬಿಟ್ಟ ಬಗೆ

ನಮ್ಮ ಪೊಲ್ಯಾನಾ ಊರಿನಲ್ಲಿ ಮೂರು ವರ್ಷ ಒಂದು ಮಾತನ್ನು ಯಾರೂ ಆಡುವ ಹಾಗಿರಲಿಲ್ಲ. ‘ಡಾರ್ಸಿ ಆಟ ಬಿಟ್ಟ’ ಎನ್ನುವ ಮಾತು ಅದು. ಅವನ ಎಡ ಸೊಂಟದ ಕೀಲು ಸವೆದುಹೋಗಿದೆ, ಇನ್ನು ಅವನು ದೊಡ್ಡ ಲೀಗಿನಲ್ಲಿ ಆಡುವುದಿಲ್ಲ ಎಂಬುದು ಊರಿನ ನಾಯಿಗೂ ಗೊತ್ತಿತ್ತು. ಆದರೂ ಎಲ್ಲರ ಬಾಯಿಗೂ ಬೀಗ.

ಡಾರ್ಸಿ ಪ್ರಿಸ್ತುಪಾ ನಮ್ಮಂತೆಯೇ ಗೋಧಿ ಬೆಳೆಯುವವರ ಮನೆಯ ಹುಡುಗ. ದೊಡ್ಡ ಲೀಗಿನಲ್ಲಿ ಹತ್ತು ಹನ್ನೊಂದು ವರ್ಷ ‘ಐಸ್ ಹಾಕಿ’ ಆಡಿದ. ಗೋಲು ಹೊಡೆದು ಹೆಸರು ಮಾಡಿದವನಲ್ಲ. ಎದುರಿನವರು ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯನ್ನು ಬೀಸಿ ಹೊಡೆದಾಗ ಅದಕ್ಕೆ ಅಡ್ಡ ಬಿದ್ದು ಮೈಯೊಡ್ಡುವುದೇ ಅವನ ಕೆಲಸ. ಅಂಥವರ ಚಿತ್ರವನ್ನು ಯಾರೂ ಗೋಡೆಗೆ ಅಂಟಿಸುವುದಿಲ್ಲ. ಅಂಟಿಸಿದ್ದವನು ನಾನೊಬ್ಬನೇ, ಈ ಆಟ ನಡೆಯುವ ನಮ್ಮೂರ ರಿಂಕಿನ ಟಿಕೆಟ್ ಕಿಟಕಿಯ ಪಕ್ಕ. ನಾನು ನೆಸ್ಟರ್. ರಿಂಕಿನಲ್ಲಿ ಐಸ್ ಹಾಕುವವನು, ಕೆರೆದು ನಯ ಮಾಡುವವನು, ಹುಡುಗರಿಗೆ ಬೈಯುವವನು ನಾನೇ. ನಡುವಯಸ್ಸು ದಾಟಿದವರದೇ ಒಂದು ತಂಡ ನಮ್ಮೂರಲ್ಲಿದೆ, ಅದಕ್ಕೆ ಗೋಲು ಕಾಯುವ ‘ಗೋಲಿ’ಯೂ ನಾನೇ.

ಆ ಮಾತನ್ನು ಏಕೆ ಆಡಬಾರದು ಎಂದರೆ ಲೀಗಿನ ಕಟ್ಟಳೆ ಹಾಗಿದೆ. ಆಟಗಾರರಿಗೆಲ್ಲ ಸೇರಿ ಒಂದು ತಂಡ ಇಷ್ಟೇ ಸಂಬಳ ಕೊಡಬಹುದು, ಅದನ್ನು ಮೀರುವಂತಿಲ್ಲ. ಗಾಯವಾಗಿ ಕೂತವನಿದ್ದರೆ ಅವನ ಸಂಬಳದಷ್ಟು ಮೀರಲು ಬಿಡುತ್ತಾರೆ. ಡಾರ್ಸಿ ‘ಗಾಯಾಳು’ ಆಗಿರುವ ತನಕ ಒಪ್ಪಂದ ಜೀವಂತ, ಅವನಿಗೆ ಸಂಬಳ, ತಂಡಕ್ಕೆ ಅನುಕೂಲ. ‘ಆಟ ಬಿಟ್ಟೆ’ ಎಂದ ದಿನ ಎಲ್ಲ ಮುಗಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಬೇಸಿಗೆ ಬಂದರೆ ಇನ್ನೊಂದು ತಮಾಷೆ. ಆಟವಿಲ್ಲದ ಆ ತಿಂಗಳುಗಳಲ್ಲಿ ಗಾಯಾಳುವಿನ ಸಂಬಳವೂ ಲೆಕ್ಕಕ್ಕೆ ಬರುವುದರಿಂದ, ಹೊಸ ಆಟಗಾರರನ್ನು ಕೊಳ್ಳಲು ಸಂಬಳದ ಮಿತಿಯಲ್ಲಿ ಜಾಗ ಸಾಲದ ತಂಡ ಡಾರ್ಸಿಯ ಒಪ್ಪಂದವನ್ನು ಬೇರೆ ತಂಡಕ್ಕೆ ದಾಟಿಸುತ್ತಿತ್ತು. ಸುಮ್ಮನೆ ಯಾರು ತೆಗೆದುಕೊಳ್ಳುತ್ತಾರೆ? ಮುದಿ ಹಸುವಿನ ಜೊತೆ ಹುಲ್ಲಿನ ಹೊರೆ ಕೊಟ್ಟು ಸಾಗಹಾಕುವಂತೆ, ಮುಂದಿನ ವರ್ಷ ಹೊಸ ಹುಡುಗನೊಬ್ಬನನ್ನು ಆರಿಸಿಕೊಳ್ಳುವ ಹಕ್ಕನ್ನೂ ಸೇರಿಸಿ ಕೊಡುತ್ತಿದ್ದರು. ಹೀಗೆ ಅವನು ಮನೆಯ ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಲೇ ಒಮ್ಮೆ ಮರುಭೂಮಿಯ ತಂಡಕ್ಕೆ, ಒಮ್ಮೆ ಸಮುದ್ರದಂಚಿನ ತಂಡಕ್ಕೆ ಸೇರಿದ. ಆ ಊರುಗಳನ್ನು ಅವನು ನೋಡಲೂ ಇಲ್ಲ.

“ಈ ವರ್ಷ ಯಾವ ದಿಕ್ಕಿಗೆ ತಿರುಗಿ ಕೈಮುಗೀಬೇಕು ಹೇಳಪ್ಪ?” ಎಂದು ನಮ್ಮ ತಂಡದ ನಾಯಕ ಎಲ್ಮರ್ ಕೆಣಕುತ್ತಿದ್ದ. ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಎಲ್ಮರನ ಬಾಯಿ ಅವನ ಅಂಗಡಿಗಿಂತ ದೊಡ್ಡದು.

“ಸಂಬಳ ಬರೋ ದಿಕ್ಕಿಗೆ” ಎಂದು ಡಾರ್ಸಿ ನಗುತ್ತಿದ್ದ.

ಚರ್ಚಿನ ಸುಗ್ಗಿ ಊಟದ ದಿನ ಹೆಂಗಸರು ಮಾಡಿದ ಎಡವಟ್ಟು ಇನ್ನೂ ನೆನಪಿದೆ. ಪ್ರೀತಿಯಿಂದ ದೊಡ್ಡ ಕೇಕ್ ಮಾಡಿ ಅದರ ಮೇಲೆ ನೀಲಿ ಸಕ್ಕರೆಯಲ್ಲಿ ‘ಡಾರ್ಸಿ, ನಿವೃತ್ತಿಯ ಶುಭಾಶಯ’ ಎಂದು ಬರೆದಿದ್ದರು. ಅವನ ಹೆಂಡತಿ ಕೊಲೀನ್ ನೋಡಿದವಳೇ ಚಾಕು ಹಿಡಿದು ನಡುವಿನ ಪದವನ್ನು ಕೆರೆದಳು. “ಯಾರಾದ್ರೂ ಫೋಟೊ ತೆಗೆದ್ರಾ? ತೆಗೆದಿದ್ರೆ ಈಗ್ಲೇ ಅಳಿಸಿ!” ಎಂದು ಪಾದ್ರಿಯನ್ನೂ ಬಿಡದೆ ಕೇಳಿದಳು. ಕೆರೆದ ಸಕ್ಕರೆಯನ್ನು ಎಲ್ಮರ್ ತಿಂದ. ಎಲೆಕೋಸಿನ ಸುರುಳಿ ತಿನ್ನುತ್ತಾ ನಾವೆಲ್ಲ ನಕ್ಕೆವು. ಡಾರ್ಸಿಯೂ ನಕ್ಕ, ಆದರೆ ಕೇಕ್ ಮುಟ್ಟಲಿಲ್ಲ.

ನನಗೆ ಮಾತ್ರ ತಂಡದ ವಕೀಲರ ಮೇಲೆ, ಡಾರ್ಸಿಯ ವ್ಯವಹಾರ ನೋಡುವ ಏಜೆಂಟನ ಮೇಲೆ ಮೈಯೆಲ್ಲ ಉರಿ. ಐಸಿನ ಮೇಲೆ ಕಾಲಿಟ್ಟ ಒಂದೇ ಒಂದು ಫೋಟೊ ಹೊರಬಿದ್ದರೂ ತಂಟೆ ಎಂದು ಅವನನ್ನು ಹೆದರಿಸಿದ್ದರು. ಭಾನುವಾರ ಮಧ್ಯಾಹ್ನ ನಾವು ಆಡುವಾಗ ಡಾರ್ಸಿ ಐಸಿನ ಮೇಲೆ ಜಾರುವ ಸ್ಕೇಟಿನ ಬದಲು ಬೂಟು ಹಾಕಿಕೊಂಡು ರಿಂಕಿನ ಸುತ್ತಲ ಗಾಜಿನ ಆಚೆ ನಿಲ್ಲುತ್ತಿದ್ದ. ಪಕ್ಕದ ಊರು ಕಾರ್ಸನ್ ಲೇಕಿನವರು ನಮ್ಮನ್ನು ಪ್ರತಿ ಚಳಿಗಾಲವೂ ಹಣ್ಣುಗಾಯಿ ನೀರುಗಾಯಿ ಮಾಡಿ ಕಳಿಸುತ್ತಿದ್ದರು.

“ಆಡೋಕೆ ಬಿಟ್ಟಿದ್ರೆ ಇವ್ರಿಗೆ ಬುದ್ಧಿ ಕಲಿಸ್ತಿದ್ದೆ ಮಾಮ” ಎನ್ನುತ್ತಿದ್ದ ನನ್ನ ಬಳಿ.

“ಬಿಡ್ತಾರೆ ಕಣೋ. ಒಪ್ಪಂದ ಏನು ಸಾಯೋತನಕ ಇರುತ್ತಾ?” ಎನ್ನುತ್ತಿದ್ದೆ ನಾನು.

ಕೊನೆಗೂ ಈ ಬೇಸಿಗೆಯಲ್ಲಿ ಒಪ್ಪಂದ ಮುಗಿಯಿತು. ಅವತ್ತು ನಾವು ಬಿಯರ್ ಹಿಡಿದು ಅವನ ಅಂಗಳಕ್ಕೆ ನುಗ್ಗಿದೆವು. “ಇನ್ನು ನೀನು ನಮ್ಮೋನು! ಹಲ್ಲಿದ್ದಾಗ ಕಡಲೆ ಇರ್ಲಿಲ್ಲ, ಈಗ ಎರಡೂ ಇದೆ” ಎಂದು ಎಲ್ಮರ್ ಅವನಿಗೆ ನಮ್ಮ ತಂಡದ ಅಂಗಿ ತೊಡಿಸಿದ. ಡಾರ್ಸಿ ತೊಟ್ಟುಕೊಂಡ. “ಐಸ್ ಹಾಕ್ಲಿ, ನೋಡೋಣ” ಎಂದಷ್ಟೇ ಹೇಳಿದ. ಕೊಲೀನ್ ಗ್ಲಾಸುಗಳನ್ನು ಎತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಪಾತ್ರೆ ತೊಳೆಯುತ್ತಿದ್ದಾಳೆ ಎಂದುಕೊಂಡೆ.

ಅಕ್ಟೋಬರಿನಲ್ಲಿ ಐಸ್ ಹಾಕಿದೆ. ಮೊದಲ ಪಂದ್ಯ ಕಾರ್ಸನ್ ಲೇಕಿನವರ ಜೊತೆಯೇ. ಎಂದೂ ಬಾರದವರೆಲ್ಲ ಬಂದು ಬೆಂಚುಗಳು ತುಂಬಿದವು. ಡಾರ್ಸಿ ತನ್ನ ಹಳೆಯ ಚೀಲ ಹೊತ್ತು ಬಂದ, ಉಡುಪಿನ ಕೋಣೆಯಲ್ಲಿ ಮೂಲೆ ಹಿಡಿದು ಕೂತ. ಬಲಗಾಲಿಗೆ ಸ್ಕೇಟ್ ಕಟ್ಟಿದ. ಎಡಗಾಲಿನದನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದ. ಉಳಿದವರೆಲ್ಲ ಗದ್ದಲ ಮಾಡುತ್ತಾ ಹೊರಟರು. ಗೋಲಿಯ ಕಾಲುಪಟ್ಟಿ ಕಟ್ಟಲು ನನಗೆ ತಡ, ನಾನುಳಿದೆ.

“ಏನೋ, ಲೇಸ್ ಕಟ್ಟೋದೂ ಮರೆತುಹೋಯ್ತಾ?” ಎಂದೆ.

ಅವನು ತಲೆ ಎತ್ತಲಿಲ್ಲ. “ಮಾಮ, ಹೋದ ತಿಂಗಳು ನಗರಕ್ಕೆ ಹೋಗಿದ್ನಲ್ಲ, ಅಲ್ಲಿ ಒಂದು ರಿಂಕಿಗೆ ಹೋಗಿದ್ದೆ. ನನ್ನ ಗುರುತಿರೋರು ಯಾರೂ ಇರ್ಲಿಲ್ಲ. ಗೋಡೆ ಹಿಡ್ಕೊಂಡು ಒಂದು ಸುತ್ತು ಬಂದೆ. ಗೋಡೆ ಬಿಟ್ಟೆ, ಬಿದ್ದೆ. ಮತ್ತೆ ಹಿಡ್ಕೊಂಡೆ.”

“ಅಭ್ಯಾಸ ತಪ್ಪಿದೆ ಅಷ್ಟೇ ಕಣೋ.”

“ಇಲ್ಲ ಮಾಮ. ಈ ಕಾಲು ತಳ್ಳಲ್ಲ. ಯಾವತ್ತೂ ತಳ್ಳಲ್ಲ. ಡಾಕ್ಟ್ರು ಮೂರು ವರ್ಷದ ಹಿಂದೇನೇ ಹೇಳಿದ್ರು. ಕೊಲೀನ್‌ಗೂ ಗೊತ್ತು. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ.” ಸ್ಕೇಟನ್ನು ಮಗ್ಗುಲಲ್ಲಿಟ್ಟ. “ಅವ್ರು ಬಿಡಲ್ಲ, ಅವ್ರು ಬಿಡಲ್ಲ ಅಂತ ನೀವೆಲ್ಲ ಬೈತಿದ್ರಲ್ಲ, ನನಗೆ ಎಷ್ಟು ಹಿತವಾಗಿತ್ತು ಗೊತ್ತಾ? ಬಿಟ್ಟಿದ್ರೆ ಆಡ್ತಿದ್ದೆ ಅಂತ ನಾನೂ ನಂಬಿದ್ದೆ. ಈಗ ಬಿಟ್ಟಿದ್ದಾರೆ. ಇನ್ಯಾರ ಮೇಲೆ ತಪ್ಪು ಹಾಕ್ಲಿ?”

ನನಗೆ ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ಬೈಯಲು ಕೈಗೆ ಸಿಕ್ಕಿದ್ದ ವಕೀಲರು ಒಂದೇ ಏಟಿಗೆ ಕೈತಪ್ಪಿ ಹೋದರು. ಆಮೇಲೆ ಅವನ ಆ ಸಣಕಲಾದ ಎಡಗಾಲನ್ನು ನೋಡಿದೆ. ಅವನ ಪಕ್ಕದಲ್ಲಿ ಕೂತೆ.

ಎಲ್ಮರ್ ಬಾಗಿಲು ಗುದ್ದಿ ಒಳಗೆ ಬಂದ. “ಏನ್ರಯ್ಯಾ, ಬೀಗರ ಮನೇಲಿ ಕೂತಂಗೆ ಕೂತಿದ್ದೀರಲ್ಲ! ಜನ ಕಾಯ್ತಿದ್ದಾರೆ!”

ಡಾರ್ಸಿ ಅವನ ಮುಖ ನೋಡಿದ. “ಎಲ್ಮರ್, ನಾನು ಆಟ ಬಿಟ್ಟೆ.”

ಎಲ್ಮರ್ ನಗಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಡಾರ್ಸಿಯ ಬೂಟುಗಳನ್ನು ಎತ್ತಿ ಅವನ ಮುಂದಿಟ್ಟ. “ಸರಿ ಬಾ. ನಮ್ಮ ಬೆಂಚಿನ ಗೇಟ್ ತೆಗೆಯೋಕೆ ಒಬ್ರೂ ಇಲ್ಲ” ಎಂದ.

ಅವತ್ತು ನಾವು ಬೆಂಚಿನಿಂದ ಐಸಿಗೆ ಇಳಿಯುವಾಗ, ಹತ್ತುವಾಗ ಡಾರ್ಸಿ ಗೇಟು ತೆಗೆದ, ಹಾಕಿದ, ನಮ್ಮನ್ನು ವಾಚಾಮಗೋಚರವಾಗಿ ಬೈದ. ಆದರೂ ಸೋತೆವು. ಪಂದ್ಯ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಕೈಕುಲುಕುವುದು ವಾಡಿಕೆ. ಡಾರ್ಸಿ ಬೂಟಿನಲ್ಲೇ ಐಸಿಗೆ ಇಳಿದು, ಎಲ್ಮರನ ತೋಳು ಹಿಡಿದು ಸಾಲಿನಲ್ಲಿ ನಡೆದ. ಒಬ್ಬೊಬ್ಬನ ಕೈ ಹಿಡಿದಾಗಲೂ “ಆಟ ಬಿಟ್ಟೆ” ಎಂದ.

ಸಾಲಿನ ತುದಿಯಲ್ಲಿ ಅವರ ಗೋಲಿ ಹಾಲ್ವರ್. ಅವನಿಗೆ ಕಿವಿ ಮಂದ.

“ಏನಂದೆ?” ಎಂದ.

“ಆಟ ಬಿಟ್ಟೆ ಅಂದೆ.”

“ಆಂ?”

“ಆಟ ಬಿಟ್ಟೆ! ಮುಗೀತು! ಇನ್ನು ಆಡಲ್ಲ!” ಎಂದು ಡಾರ್ಸಿ ಕೂಗಿದ. ಮಾಡಿನ ತಗಡಿಗೆ ಬಡಿದು ಮಾತು ಇಡೀ ರಿಂಕಿಗೆ ಕೇಳಿಸಿತು.

ಹಾಲ್ವರ್ ಅವನ ಕೈ ಬಿಟ್ಟು ತನ್ನ ಸ್ಟಿಕ್ಕನ್ನು ಐಸಿಗೆ ಕುಟ್ಟಿದ. ನಮ್ಮಲ್ಲಿ ಚಪ್ಪಾಳೆ ಎಂದರೆ ಅದೇ. ಅವನ ಪಕ್ಕದವನು ಕುಟ್ಟಿದ, ಎಲ್ಮರ್ ಕುಟ್ಟಿದ, ನಾನು ಕುಟ್ಟಿದೆ. ಆ ಸದ್ದಿನ ನಡುವೆ ಡಾರ್ಸಿ ಎರಡೂ ಕೈ ಇಳಿಬಿಟ್ಟು ನಿಂತು ಅತ್ತ. ಕೊಲೀನ್ ಐಸಿನ ಮೇಲೆ ಜಾರುತ್ತಾ ಅವನ ಬಳಿ ಬರುವ ತನಕ ನಾವು ಯಾರೂ ಕುಟ್ಟುವುದನ್ನು ನಿಲ್ಲಿಸಲಿಲ್ಲ.