ಲೋಕನಾಥನ ಎಡಬದಿಯ ಹಲ್ಲು

ಕಂಡಕಂಡವರಿಗೆಲ್ಲ ಹಲ್ಲು ಮಾಡಿ ಕೊಡುವ ಲೋಕನಾಥನ ಬಾಯಲ್ಲೇ ಒಂದು ಹಲ್ಲಿರಲಿಲ್ಲ. ಕೆಳಸಾಲಿನಲ್ಲಿ, ಎಡಬದಿಗೆ, ಒಂದು ದವಡೆ ಹಲ್ಲಿನ ಜಾಗ ಖಾಲಿ. ನಕ್ಕರೆ ಕಾಣುತ್ತಿರಲಿಲ್ಲ, ನಿಜ. ಆದರೆ ಹುರಿಗಡಲೆ ಬಾಯಿಗೆ ಬಿತ್ತೆಂದರೆ ವ್ಯವಹಾರವೆಲ್ಲ ಬಲಬದಿಗೆ ವರ್ಗವಾಗುತ್ತಿತ್ತು. "ನೀವೇ ಒಂದು ಮಾಡಿಕೊಳ್ಳಬಾರದಾ?" ಎಂದು ಯಾರಾದರೂ ಕೇಳಿದರೆ ಉತ್ತರ ತಯಾರಿತ್ತು: "ಊರಿಗೆ ಹೋದ ಮೇಲೆ ಹಾಕಿಸಿದ್ರಾಯ್ತು."

ಕುವೈತಿನಲ್ಲಿ ನಮ್ಮವರಿಗೆ ಹಿಡಿಯುವ ರೋಗ ಇದು. ಇಲ್ಲಿ ಒಳ್ಳೆಯ ಹಾಸಿಗೆ ಕೊಳ್ಳುವುದಿಲ್ಲ, ಕನ್ನಡಕ ಬದಲಿಸುವುದಿಲ್ಲ, ಹೊಸ ವಿದ್ಯೆಯಂತೂ ಕೇಳಲೇಬೇಡಿ. ಎಲ್ಲ ಊರಿಗೆ ಹೋದ ಮೇಲೆ. "ಇನ್ನೆರಡು ವರ್ಷ, ಮತ್ತೆ ಖಲಾಸ್" ಎನ್ನುತ್ತಾರೆ. ಅಷ್ಟರಲ್ಲಿ ಇಕಾಮಾ ಎಂಬ ವಾಸದ ಪರವಾನಗಿ ಮತ್ತೆ ನವೀಕರಣವಾಗಿರುತ್ತದೆ, ತಲೆ ಇನ್ನಷ್ಟು ನರೆತಿರುತ್ತದೆ. ಲೋಕನಾಥ ಪುತ್ತೂರಿನಿಂದ ಬಂದದ್ದೂ ಎರಡು ವರ್ಷಕ್ಕೆಂದೇ. ಆಗ ಹೆಂಡತಿ ಕುಸುಮಾವತಿ ಹೊಸ ಮದುಮಗಳು. ಈಗ ಅವರ ಮಗಳಿಗೇ ಗಂಡು ಹುಡುಕುವ ಮಾತು ನಡೆದಿದೆ.

ಅವನ ಕೆಲಸ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಡೆಂಟಲ್ ಲ್ಯಾಬಿನಲ್ಲಿ. ಕೆಳಗೆ ಕಾರುಗಳ ತಗಡು ಬಡಿಯುವ ಸದ್ದು, ಮೇಲೆ ಮಹಡಿಯಲ್ಲಿ ಇವರ ಹಲ್ಲಿನ ಕೆಲಸ. ಕ್ಲಿನಿಕ್ಕುಗಳಿಂದ ರೋಗಿಗಳ ಬಾಯಿಯ ಅಚ್ಚು ಬರುತ್ತಿತ್ತು. ಲೋಕನಾಥ ಅದರ ಮೇಲೆ ಕರಗಿದ ಮೇಣ ಹನಿಸಿ, ಸಣ್ಣ ಚೂರಿಯಲ್ಲಿ ಕೆತ್ತಿ ಹಲ್ಲಿನ ರೂಪ ತರುತ್ತಿದ್ದ. ಯಾರ ಮುಖವನ್ನೂ ಕಂಡವನಲ್ಲ. ಆದರೂ ತಾನು ಕೆತ್ತಿದ ಹಲ್ಲಿನಲ್ಲಿ ಯಾರೋ ಈಗ ಖರ್ಜೂರ ತಿನ್ನುತ್ತಿರಬಹುದು ಎಂದು ನೆನೆದರೆ ಅವನಿಗೆ ಒಳಗೊಳಗೇ ಖುಷಿ.

ಹಾಗಿರುವಾಗ ಲ್ಯಾಬಿಗೆ ಹೊಸ ಯಂತ್ರ ಬಂತು. ಜೊತೆಗೆ ಅದನ್ನು ನಡೆಸಲು ಹಸೀಬಾ ಬಂದಳು. ಉಪ್ಪಿನಂಗಡಿಯ ಬ್ಯಾರಿಗಳ ಮಗಳು, ಇಲ್ಲೇ ಬೆಳೆದವಳು. ಕಂಪ್ಯೂಟರಿನಲ್ಲಿ ಹಲ್ಲು ಬಿಡಿಸುವ ವಿದ್ಯೆ ಕಲಿತವಳು. ಮ್ಯಾನೇಜರು, ಎಲ್ಲರೂ ಮುದೀರ್ ಎನ್ನುವ ಈಜಿಪ್ಟಿನವನು, ಲೋಕನಾಥನನ್ನು ಕರೆದು ಗಲ್ಫಿನ ಹಿಂದಿಯಲ್ಲಿ ಹೇಳಿದ: "ಲೋಕ್ ಭಾಯಿ, ಮೇಣದ ಕಾಲ ಹೋಯಿತು. ಈದ್ ಬರುವುದರೊಳಗೆ ಮೆಷಿನ್ನಿನಲ್ಲಿ ಒಂದು ಕೆಲಸ ಮಾಡಿ ತೋರಿಸು. ಡಾಕ್ಟರು ಅದನ್ನು ವಾಪಸು ಕಳಿಸಬಾರದು. ಕಳಿಸಿದರೆ ನಿನಗೆ ಇಲ್ಲಿ ಕೆಲಸವಿಲ್ಲ."

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಲೋಕನಾಥ ಮೌಸ್ ಹಿಡಿದರೆ ಚೂರಿ ಹಿಡಿದ ಹಾಗೆ ಒತ್ತುತ್ತಿದ್ದ. ಅವನು ಬಿಡಿಸಿದ ಮೊದಲ ಹಲ್ಲು ನೋಡಿ ಹಸೀಬಾ, "ಇದು ಗೋಳಿಬಜೆ ಲೋಕಣ್ಣ, ಹಲ್ಲಲ್ಲ" ಎಂದಳು.

ಒಂದು ದಿನ ಚಾ ಕುಡಿಯುವಾಗ ಅವಳು ಕೇಳಿದಳು, "ಇನ್ನು ಐದು ವರ್ಷಕ್ಕೆ ನಿಮ್ಮ ಪ್ಲ್ಯಾನ್ ಎಂತ?"

"ಊರಲ್ಲಿರ್ಬೇಕು."

"ಅದು ಜಾಗ ಅಲ್ವಾ. ನಾನು ಕೇಳಿದ್ದು ಕೆಲಸ."

ಲೋಕನಾಥ ಇಷ್ಟು ವರ್ಷ ಎಲ್ಲಿ ಇರಬೇಕೆಂದು ಯೋಚಿಸಿದ್ದನೇ ಹೊರತು ಏನಾಗಿ ಇರಬೇಕೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಸ್ಕ್ರೀನಿನಲ್ಲಿ ಬಿಡಿಸಿದ ಹಲ್ಲನ್ನು ಎಲ್ಲಿನ ಮೆಷಿನ್ನಲ್ಲಿ ಬೇಕಾದ್ರೂ ಕೊರೀಬಹುದು," ಅವಳು ಮುಂದುವರಿಸಿದಳು. "ನನ್ನ ಟೀಚರ್ ಕ್ಯಾಲಿಕಟ್‌ನಲ್ಲಿ ಮನೆಯಲ್ಲೇ ಕೂತು ದುಬೈಗೆ ಡಿಸೈನ್ ಮಾಡಿ ಕೊಡ್ತಾರೆ. ಬನ್ನಿ, ನಿಮ್ಮದೇ ಬಾಯಲ್ಲಿ ಪ್ರಾಕ್ಟೀಸ್ ಮಾಡುವ."

ಟಾರ್ಚಿನಂಥ ಒಂದು ಸ್ಕ್ಯಾನರ್ ಕಡ್ಡಿಯನ್ನು ಅವನ ಬಾಯೊಳಗೆ ಆಡಿಸಿದಳು. ಎದುರಿನ ಪರದೆಯ ಮೇಲೆ ಹಲ್ಲುಗಳು ಒಂದೊಂದಾಗಿ ಎದ್ದು ನಿಂತವು. ವಸಡು, ಕಲೆ, ಬಿರುಕು, ಯಾವುದನ್ನೂ ಬಿಟ್ಟಿಲ್ಲ. ಹಸೀಬಾ ಬೆರಳಾಡಿಸಿದಂತೆ ಚಿತ್ರ ತಿರುಗಿತು, ಹಿಗ್ಗಿತು. ಒಂದು ದವಡೆ ಹಲ್ಲು ಗುಡ್ಡದಷ್ಟಾಯಿತು, ಅದರ ಗೀರುಗಳು ತೋಡಿನಷ್ಟಾದವು. ಆಯುಷ್ಯವೆಲ್ಲ ಹಲ್ಲು ಕೆತ್ತಿದವನು ಹಲ್ಲನ್ನು ಮೊದಲ ಸಲ ನೋಡುವವನಂತೆ ನೋಡಿದ. ಅವನ ಕಣ್ಣು ಒದ್ದೆಯಾಯಿತು, ಸುಳ್ಳೇಕೆ.

ಆಮೇಲೆ ಎಡಬದಿ ಬಂತು. ಖಾಲಿ ಜಾಗದ ಕಡೆಗೆ ಪಕ್ಕದ ಹಲ್ಲು ವಾಲಿತ್ತು. ಮೇಲಿನದು ಕೆಳಗಿಳಿಯತೊಡಗಿತ್ತು. ಬೇರೆಯವರ ಅಚ್ಚಿನಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದ, ತನ್ನ ಬಾಯಲ್ಲಿ ಆದೀತೆಂದು ಎಣಿಸಿರಲಿಲ್ಲ.

"ಇವು ನಿಮ್ಮ ಹಾಗೆ ಕಾಯ್ತಾ ಕೂತಿಲ್ಲ," ಹಸೀಬಾ ಮೆಲ್ಲಗೆ ಹೇಳಿದಳು. "ಇನ್ನು ಸ್ವಲ್ಪ ಸಮಯ ಬಿಟ್ರೆ ಹಲ್ಲು ಹಾಕ್ಲಿಕ್ಕೆ ಜಾಗವೇ ಇರುವುದಿಲ್ಲ."

ಆ ದಿನದಿಂದ ಲೋಕನಾಥ ಮೌಸ್ ಬಿಡಲಿಲ್ಲ. ಎಡವಿದ, ಅಳಿಸಿದ, ಆ ಹುಡುಗಿಯಿಂದ ಬೈಸಿಕೊಂಡ, ಮತ್ತೆ ಬಿಡಿಸಿದ. ಕ್ಲಿನಿಕ್ಕಿನ ಡಾಕ್ಟರು ಅವನ ಖಾಲಿ ಜಾಗದ ಅಕ್ಕಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಿ ಕೊಟ್ಟ ಮೇಲೆ, ಮೂರು ಹಲ್ಲು ಒಟ್ಟಿಗೆ ಕೂರುವ ಬ್ರಿಜ್ಜನ್ನು ತಾನೇ ಬಿಡಿಸಿ ಯಂತ್ರಕ್ಕೆ ಕೊಟ್ಟ. ಗಾಜಿನಾಚೆ ಕೊರೆಯುವ ಸೂಜಿ ತಿರುಗಿತು, ಪಿಂಗಾಣಿಯಂಥ ಬಿಳಿ ಬಿಲ್ಲೆಯಿಂದ ಹುಡಿ ಹಾರಿತು, ಅವನು ಗೆರೆ ಎಳೆದಲ್ಲೆಲ್ಲ ಗೆರೆ ಮೂಡಿತು. ಲೋಕನಾಥ ದೈವದ ಎದುರು ನಿಂತವನಂತೆ ಕೈಕಟ್ಟಿ ನಿಂತಿದ್ದ. ಹೊರಬಂದ ಹಲ್ಲು ಬೇಕಾದ್ದಕ್ಕಿಂತ ದೊಡ್ಡದಿತ್ತು. ಅವನು ಗಾಬರಿಯಾದ. ಕುಲುಮೆಯಲ್ಲಿ ಸುಟ್ಟಾಗ ಕುಗ್ಗುತ್ತದೆ, ಎಷ್ಟು ಕುಗ್ಗುತ್ತದೆಂದು ಯಂತ್ರಕ್ಕೆ ಮೊದಲೇ ಗೊತ್ತು ಎಂದಳು ಹಸೀಬಾ. ಸುಟ್ಟು ತೆಗೆದರೆ ಹಾಗೆಯೇ ಆಗಿತ್ತು. ಎಂಥ ಕಾಲಕ್ಕೆ ಬಂದು ಮುಟ್ಟಿದೆನಪ್ಪಾ ಎಂದು ಅವನು ಬೆರಗಾಗಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತುಬಿಟ್ಟ.

ಈದ್ ಹತ್ತಿರ ಬಂದಾಗ ಮುದೀರ್ ಕೇಳಿದ, "ಎಲ್ಲಿ ನಿನ್ನ ಕೆಲಸ?"

ಲೋಕನಾಥ ಬಾಯಿ ತೆರೆದ. ಮುದೀರ್ ಮೊಬೈಲಿನ ಬೆಳಕು ಬಿಟ್ಟು ಇಣುಕಿ ನೋಡಿದ. ಯಾವುದು ಹುಟ್ಟಿದ ಹಲ್ಲು, ಯಾವುದು ಮಾಡಿದ್ದು ಎಂದು ಅವನಿಗೆ ತಿಳಿಯಲಿಲ್ಲ. "ಡಾಕ್ಟರು ಏನು ಹೇಳಿದರು?" ಎಂದು ಹಸೀಬಾಳ ಕಡೆ ತಿರುಗಿದ. ಒಂದು ಚೂರೂ ಉಜ್ಜಿ ತಿದ್ದದೆ ಕೂರಿಸಿದರು ಎಂದಳು. "ಯಲ್ಲಾ, ನಾಳೆಯಿಂದ ಆ ಎರಡನೇ ಕಂಪ್ಯೂಟರು ನಿನ್ನದು" ಎಂದು ಮುದೀರ್ ಹೊರಟುಹೋದ.

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುತ್ತಾರಲ್ಲ, ಲೋಕನಾಥನಿಗೆ ಆ ಶುಕ್ರವಾರ ಎರಡೂ ಇದ್ದವು. ಮಧ್ಯಾಹ್ನ ಊರಿಗೆ ಫೋನು ಮಾಡಿ, ಅಗಿಯುತ್ತಲೇ ಮಾತಾಡಿದ.

"ಎಂತ ಅದು ಕಟುಂ ಕಟುಂ?" ಕುಸುಮಾವತಿ ಕೇಳಿದಳು.

"ಕಡಲೆ. ಎಡಬದಿಯಲ್ಲಿ."

ಅವಳು ಖುಷಿಪಡುತ್ತಾಳೆಂದು ಕಾದ.

"ಹಲ್ಲು ಅಲ್ಲೇ ಹಾಕಿಸಿದ್ರಿ ಅಂದ್ರೆ," ಅವಳು ತಡೆದು ಹೇಳಿದಳು, "ಊರಿಗೆ ಬರುವುದನ್ನು ಬಿಟ್ರಿ ಅಂತಲಾ?"

ಲೋಕನಾಥನ ದವಡೆ ನಿಂತಿತು. ತಾನು ನೆವಕ್ಕೆ ಹೇಳುತ್ತ ಬಂದ ಮಾತನ್ನು ಅವಳು ಇಷ್ಟು ವರ್ಷ ನಂಬಿಕೊಂಡು ಕೂತಿದ್ದಾಳೆಂದು ಅವನಿಗೆ ಹೊಳೆದಿರಲಿಲ್ಲ. ಆ ಖಾಲಿ ಜಾಗದ ಮೇಲೆ ಅವಳು ಭರವಸೆ ಇಟ್ಟಿದ್ದಳು.

"ಬಿಟ್ಟಿಲ್ಲ ಮಾರಾಯ್ತಿ. ಬಂದು ಎಂತ ಮಾಡುವುದು ಅಂತ ಗೊತ್ತಿರ್ಲಿಲ್ಲ, ಅದಕ್ಕೇ ಎರಡೆರಡು ವರ್ಷ ಮುಂದೆ ಹಾಕಿದ್ದು. ಈಗ ಗೊತ್ತುಂಟು. ಈ ಕೆಲಸ ಸರಿಯಾಗಿ ಕೈಹಿಡಿದ್ರೆ ಅಲ್ಲಿ ಕೂತೇ ಮಾಡಬಹುದು. ಜಗಲಿಯ ಕಿಟಕಿ ಹತ್ರ ಒಂದು ಮೇಜಿಗೆ ಜಾಗ ಮಾಡು, ಆಯ್ತಾ?"

"ಅಲ್ಲಿ ನನ್ನ ಹೊಲಿಗೆ ಮೆಷಿನ್ ಉಂಟಲ್ಲ."

"ಹಾಗಾದ್ರೆ ನಾನು ಬಂದ ಮೇಲೆ..." ಎನ್ನಲು ಹೊರಟವನು ಬಾಯಿ ಮುಚ್ಚಿಕೊಂಡ.

ಅವಳು ಫೋನು ಎಲ್ಲೋ ಇಟ್ಟಳು. ಪುತ್ತೂರಿನ ಆ ಜಗಲಿಯ ಮೇಲೆ ಹೊಲಿಗೆ ಮೆಷಿನ್ನನ್ನು ಎಳೆಯುವ ಸದ್ದು ಅವನಿಗೆ ಕೇಳಿಸಿತು.