ಸೋಮವಾರ ಸಂಜೆಯ ಬೇಸ್

ಹಾಡುವಾಗ ಪ್ರೆಸ್ ಮಾಮನ ಗದ್ದ ಎದೆಗೆ ತಾಗುತ್ತಿತ್ತು. ಸ್ವರ ಇಳಿದಷ್ಟೂ ಗದ್ದವೂ ಇಳಿದು, ಕಡೆಗೆ ಕುತ್ತಿಗೆಯೇ ಇಲ್ಲದ ಮನುಷ್ಯನ ಹಾಗೆ ಕಾಣುತ್ತಿದ್ದರು. ಗಂಟಲಮಣಿ ಮಾತ್ರ ಬಾವಿಯ ಕೊಡದಂತೆ ಮೇಲೆ ಕೆಳಗೆ ಓಡಾಡುತ್ತಿತ್ತು. ನಾನು ಮುಂದಿನ ಚಾಪೆಯಲ್ಲಿ ಕೂತು ಹಾಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ. ಅಮ್ಮ ಹಿಂದಿನಿಂದ ತಲೆಗೆ ಮೊಟಕುತ್ತಿದ್ದಳು.

ಮಾಮ ಅಂದರೆ ಸಂಬಂಧದ ಮಾಮನಲ್ಲ. ಉಡುಪಿ ಕಡೆಯ ಕ್ರೈಸ್ತರು, ಹೆಂಡತಿಯನ್ನು ಕಳೆದುಕೊಂಡು ಮದರಾಸಿಗೆ ಬಂದು ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಲ್ಲಿದ್ದರು. ಕೀಲ್ಪಾಕಿನಲ್ಲಿ ನಾವಿದ್ದ ಉದ್ದ ಮನೆಯ ಇನ್ನೊಂದು ಪಾಲು ಅವರದು. ನಮ್ಮಮ್ಮ ಆಸ್ಪತ್ರೆಯಲ್ಲಿ ನರ್ಸು. ಮಾಮನ ಅಂಗಿಗೆ ಮೈದಾ ಅಂಟಿನ ವಾಸನೆ, ಅಮ್ಮನ ಸೀರೆಗೆ ಡೆಟಾಲಿನ ವಾಸನೆ. ಮದರಾಸಿನಲ್ಲಿ ಕನ್ನಡ ಬಲ್ಲ ಕ್ರೈಸ್ತರು ಯಾರೇ ಸಿಕ್ಕಿದರೂ ಆಗ ಬಂಧುಗಳೇ. ಭಾನುವಾರ ಬೆಳಿಗ್ಗೆ ಎಲ್ಲರೂ ತಮಿಳು ಚರ್ಚಿಗೆ ಹೋಗುತ್ತಿದ್ದೆವು. ಸಂಜೆ ನಮ್ಮ ಕೆಲವೇ ಸಂಸಾರಗಳು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕನ್ನಡದಲ್ಲಿ ಪ್ರಾರ್ಥನೆ ಮಾಡುತ್ತಿದ್ದೆವು. ಅದಕ್ಕೆ 'ಕೂಟ' ಎಂದು ಹೆಸರು.

ಕೂಟದ ಹಾಡುಗಳಿಗೆ ಒಟ್ಟೊಟ್ಟಿಗೆ ಹಾಡುವ ನಾಲ್ಕು ಬೇರೆ ಬೇರೆ ಸ್ವರ. ಊರಿನ ಚರ್ಚುಗಳಲ್ಲಿ ಹಿರಿಯರು ಹಾಗೇ ಕಲಿತು ಬಂದಿದ್ದರು. ಮೇಲಿನ ಸ್ವರದಲ್ಲಿ ಹಾಡಿನ ರಾಗ, ಅದು ಅಮ್ಮನದು. ಅದರ ಕೆಳಗಿನ ಆಲ್ಟೋ ಉಳಿದ ಹೆಂಗಸರದು. ಗಂಡಸರ ಮೇಲಿನ ಸ್ವರ ಟೆನರ್, ಅದು ಒಬ್ಬ ಶಾಲಾ ಮಾಸ್ಟ್ರದು. ಎಲ್ಲಕ್ಕಿಂತ ಕೆಳಗೆ ಮಾಮನ ಬೇಸ್. ಬೇಸ್ ಒಂದನ್ನೇ ಕೇಳಿದರೆ ಅದು ಹಾಡೆಂದು ಯಾರೂ ಹೇಳಲಾರರು. ಒಂದೇ ಕಡೆ ನಿಂತು ಗುಂಯ್ ಎನ್ನುತ್ತದೆ, ನಡುವೆ ಸುಮ್ಮನಾಗುತ್ತದೆ, ಮತ್ತೆ ಗುಂಯ್ ಎನ್ನುತ್ತದೆ. ನಾನು ತೊಟ್ಟಿಲಿನಿಂದಲೇ ಗೋಡೆಯಾಚೆಯ ಆ ಗುಂಯ್ಯನ್ನು ಕೇಳಿ ಬೆಳೆದವಳು. ಹಾಡಿನ ರಾಗವೇ ಅದು ಎಂದುಕೊಂಡಿದ್ದೆ. ಒಂದು ಕ್ರಿಸ್ಮಸ್‌ಗೆ ಮಕ್ಕಳೆಲ್ಲ ಸಾಲಾಗಿ ನಿಂತು ಹಾಡುವಾಗ ನಾನು ಗದ್ದವನ್ನು ಎದೆಗೊತ್ತಿ, ಕೀಚಲು ದನಿಯಲ್ಲಿ ಬೇಸ್ ಹಾಡಿದೆ. ಕೂಟಕ್ಕೆ ಕೂಟವೇ ಬಿದ್ದು ಬಿದ್ದು ನಕ್ಕಿತು. ನಾನು ಅತ್ತೆ.

ಮಾಮ ನಗಲಿಲ್ಲ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, "ತಪ್ಪೆಂತ ಇಲ್ಲ ಮಗಳೇ. ನೀನು ಹಾಡಿದ್ದು ಸರಿಯೇ ಉಂಟು. ಪಕ್ಕದಲ್ಲಿ ಉಳಿದ ಮೂವರು ಇರ್ಲಿಲ್ಲ, ಅಷ್ಟೇ" ಎಂದರು. ಆಮೇಲೆ ಅವರು ಎಲ್ಲರಿಗೂ ಹೇಳುತ್ತಿದ್ದ ಮಾತನ್ನೇ ನನಗೂ ಹೇಳಿದರು. "ಪ್ರಾರ್ಥನೆ ಒಬ್ಬನೇ ಮಾಡ್ಲಿಕ್ಕೆ ಆಗ್ತದೆ. ಬೇಸ್ ಒಬ್ಬನೇ ಹಾಡ್ಲಿಕ್ಕೆ ಆಗುದಿಲ್ಲ. ಅದಕ್ಕೇ ದೇವರು ನನ್ನನ್ನು ಬೇಸಿಗೆ ಹಾಕಿದ್ದು, ಒಬ್ಬನೇ ಇದ್ರೆ ನಾನು ಕೆಟ್ಟು ಹೋಗ್ತೇನೆ ಅಂತ ಅವನಿಗೆ ಗೊತ್ತುಂಟು."

ಹೀಗೆ ಹೇಳಿದವರೇ ಕೂಟ ಬಿಟ್ಟು ಎದ್ದು ಹೋದರು.

ಆದದ್ದಿಷ್ಟು. ನಾವು ಮಕ್ಕಳು ಬೆಳೆದಂತೆ ಕನ್ನಡ ನಮ್ಮ ಬಾಯಿಂದ ಜಾರುತ್ತಿತ್ತು. ಮಾಸ್ಟ್ರ ಮಗ ಒಂದು ಭಾನುವಾರ ಹಾಡಿನ ನಡುವೆಯೇ "ಅಪ್ಪಾ, ಪುರಿಯಲೆ" ಎಂದು ಪುಸ್ತಕ ಮುಚ್ಚಿಟ್ಟ. ಅರ್ಥವಾಗುವುದಿಲ್ಲವಂತೆ. ಮಾಸ್ಟ್ರು, ಇನ್ನು ಮೇಲೆ ಒಂದೆರಡು ಹಾಡು ತಮಿಳಿನಲ್ಲಿ ಇರಲಿ, ಎಲ್ಲರೂ ಒಂದೇ ರಾಗದಲ್ಲಿ ಹಾಡಿದರೆ ಮಕ್ಕಳೂ ಸೇರಿಕೊಳ್ಳುತ್ತಾರೆ ಎಂದರು. ಮಾಮನಿಗೆ ಸಿಟ್ಟು ನೆತ್ತಿಗೇರಿತು.

"ಹಾಗಾದ್ರೆ ನನಗೆ ಇಲ್ಲೆಂತ ಕೆಲಸ?"

"ನೀವೂ ರಾಗ ಹಾಡಿ. ನಿಮ್ಮ ಬೇಸಿಗಾಗಿ ಮಕ್ಕಳನ್ನು ಕಳಕೊಳ್ಳುದಾ?" ಎಂದರು ಮಾಸ್ಟ್ರು.

ಮಾಮ ಹಾಡಿನ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕಾಫಿಗೂ ನಿಲ್ಲದೆ ಹೋದರು. ಇಬ್ಬರ ಮಾತೂ ಸುಳ್ಳಲ್ಲ. ಅದೇ ನನಗೆ ಇವತ್ತಿಗೂ ಸಂಕಟ.

ಆಮೇಲೆ ಪ್ರತಿ ಸೋಮವಾರ ಒಂದು ವಿಚಿತ್ರ ನಡೆಯುತ್ತಿತ್ತು. ಸಂಜೆ ಅಮ್ಮ ಡ್ಯೂಟಿ ಮುಗಿಸಿ ಬಂದೊಡನೆ ಮಾಮ ಗೋಡೆಯ ಆಚೆಯಿಂದ ಕೇಳುತ್ತಿದ್ದರು. "ತಂಗೀ, ನಿನ್ನೆ ಎಂತ ಹಾಡಿದ್ರಿ?" ಅಮ್ಮ ಹೇಳುತ್ತಿದ್ದಳು. ಅವರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಆ ಹಾಡುಗಳನ್ನೇ ಅದೇ ಕ್ರಮದಲ್ಲಿ ತಮ್ಮ ಬೇಸಿನಲ್ಲಿ ಹಾಡುತ್ತಿದ್ದರು. ಬೇಸ್ ಸುಮ್ಮನಿರಬೇಕಾದ ಕಡೆ ಸುಮ್ಮನೆ ಕಾಯುತ್ತಿದ್ದರು. ಭಾನುವಾರ ಕೂಟಕ್ಕೆ ಬೇಸ್ ಇಲ್ಲ, ಸೋಮವಾರ ಬೇಸಿಗೆ ಕೂಟವಿಲ್ಲ. ಬೀದಿಯಲ್ಲಿ ಹೋಗುವವರು, ಮುದುಕರಿಗೆ ಹೊಟ್ಟೆನೋವೋ ಏನೋ ಎಂಬಂತೆ ನೋಡಿಕೊಂಡು ಹೋಗುತ್ತಿದ್ದರು.

ಅಮ್ಮ ಇಬ್ಬರ ನಡುವೆ ಓಡಾಡಿ ಸೋತಳು. "ಬಾಗಿಲು ಹಾಕಿಲ್ಲವಲ್ಲ, ಬರ್ಲಿ" ಎನ್ನುವರು ಮಾಸ್ಟ್ರು. "ನಾನು ಸತ್ತಿಲ್ಲವಲ್ಲ, ಕರೀಲಿ" ಎನ್ನುವರು ಮಾಮ. ಅಮ್ಮ ಒಮ್ಮೆ ರೇಗಿ, "ಇಬ್ರೂ ಓದುದು ಒಂದೇ ಬೈಬಲ್ ಅಲ್ವಾ ಅಣ್ಣ?" ಎಂದು ಕೇಳಿದ್ದಳು. ಮಾಮ ಪುಸ್ತಕ ಹೊಲಿಯುವ ಸೂಜಿಗೆ ದಾರ ಪೋಣಿಸತೊಡಗಿದರು.

ಆದರೆ ಅವರು ತಮ್ಮ ಹಟಕ್ಕೆ ತೆತ್ತದ್ದು ಸಣ್ಣದಲ್ಲ. ನಮ್ಮವರಲ್ಲಿ ಒಂದು ಪದ್ಧತಿಯಿತ್ತು. ಯೇಸುವಿನ ಕಡೆಯ ಊಟವನ್ನು ನೆನೆಯುವ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆ, ಯಾರೊಡನೆ ಮನಸ್ತಾಪವಿದೆಯೋ ಅವರ ಮನೆಗೆ ಹೋಗಿ ಕೈಹಿಡಿದು ಸಮಾಧಾನ ಮಾಡಿಕೊಳ್ಳಬೇಕು. ಮಾಡಿಕೊಳ್ಳದವರು ರೊಟ್ಟಿ ದ್ರಾಕ್ಷಾರಸ ಮುಟ್ಟಬಾರದು. ಎಷ್ಟೋ ಜನ ನಾಮಕಾವಾಸ್ತೆ ಕೈಹಿಡಿದು ಬರುತ್ತಿದ್ದರು. ಮಾಮನಿಗೆ ಆ ಆಟ ಬರದು. ತಮಿಳು ಚರ್ಚಿನಲ್ಲಿ ಎಲ್ಲರೂ ಎದ್ದು ಮುಂದೆ ಹೋದಾಗ ಅವರು ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದರು. ಜೀವನದಲ್ಲಿ ಅವರಿಗೆ ಬೇರೆ ಊಟದ ಆಸೆಯೇ ಇರಲಿಲ್ಲ. ಮಾಸ್ಟ್ರ ಮನೆ ಪೆರಂಬೂರಿನಲ್ಲಿ, ಬಸ್ಸು ಹತ್ತಿದರೆ ಆಯಿತು. ಆ ಬಸ್ಸು ಹತ್ತಲು ಅವರಿಂದ ಆಗಲಿಲ್ಲ.

ಮಾಸ್ಟ್ರು ರಿಟೈರಾಗಿ ಊರಿಗೆ ಹೊರಟಾಗ ಕೂಟವೆಲ್ಲ ಸೆಂಟ್ರಲ್ ಸ್ಟೇಷನ್ನಿಗೆ ಹೋಗಿತ್ತು. ದೂರ ಹೋಗುವವರಿಗೂ ಮಣ್ಣಿಗೆ ಹೋಗುವವರಿಗೂ ನಮ್ಮಲ್ಲಿ ಒಂದೇ ಬೀಳ್ಕೊಡುವ ಹಾಡು. ಪ್ಲಾಟ್‌ಫಾರಂ ಮೇಲೆ ಅದನ್ನು ಶುರುಮಾಡಿದೆವು. ಎರಡನೆಯ ಸಾಲಿಗೆ ನಮ್ಮ ಹಿಂದೆ ಪಾರ್ಸೆಲ್ ಗಾಡಿಯ ಮರೆಯಿಂದ ಬೇಸ್ ಕೇಳಿಸಿತು. ಅಮ್ಮ ಹಿಂದೆ ತಿರುಗಿದಳು, ಆದರೂ ರಾಗ ಬಿಡಲಿಲ್ಲ. ಕಿಟಕಿಯಲ್ಲಿದ್ದ ಮಾಸ್ಟ್ರು ಕತ್ತು ಉದ್ದಮಾಡಿ ಹುಡುಕಿದರು, ಹುಡುಕುತ್ತಲೇ ಟೆನರ್ ಹಿಡಿದರು. ನಾಲ್ಕು ಸ್ವರವೂ ಕೂಡಿತು. ಹಾಡು ಮುಗಿಯುವ ಮುಂಚೆಯೇ ಗಾಡಿ ಕದಲಿತು. ಮಾಮ ಜನರ ನಡುವೆ ನುಗ್ಗಿ ಓಡಿದರು. ಮಾಸ್ಟ್ರು ಕಿಟಕಿಯಿಂದ ಕೈ ಚಾಚಿದ್ದರು. ಸಿಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ, "ಆಯ್ತಲ್ಲ ಅಣ್ಣ, ದೇವರು ನೋಡಿದ" ಎಂದಳು.

"ಕೈ ಹಿಡೀಲಿಲ್ಲ ತಂಗಿ" ಎಂದರು ಮಾಮ.

ಮರುವಾರದಿಂದ ಅವರು ಕೂಟಕ್ಕೆ ಬಂದರು. ಆದರೆ ಈಗ ಟೆನರ್ ಇರಲಿಲ್ಲ. ರಜೆ ಹಾಕಿ ಊರಿಗೆ ಹೋಗಿ ಕೈಹಿಡಿದು ಬರುತ್ತೇನೆ ಎಂದು ಹೇಳುತ್ತಲೇ ಇದ್ದರು. ಮುಂದಿನ ಮಳೆಗಾಲದಲ್ಲಿ ಮಾಸ್ಟ್ರು ತೀರಿಕೊಂಡ ಸುದ್ದಿ ಬಂತು. ಮಾಮ ಜಗಲಿಯಲ್ಲಿ ಕೂತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಈಗ ಯಾರದ್ದು ಹಿಡಿಯುದು?" ಎಂದರು. ತಮಿಳು ಪಾದ್ರಿ ಮನೆಗೇ ಬಂದು, ದೇವರು ಕ್ಷಮಿಸಿದ್ದಾನೆ, ಭೋಜನಕ್ಕೆ ಬನ್ನಿ ಎಂದು ಕರೆದರು. ಮಾಮ ಹೋದರು. ಬಂದು ನನ್ನೊಡನೆ, "ರೊಟ್ಟಿ ಇಳೀಲಿಕ್ಕೆ ಕಷ್ಟ ಆಯ್ತು ಮಗಳೇ" ಎಂದಷ್ಟೇ ಹೇಳಿದರು.

ಕೆಲವು ವರ್ಷಗಳಲ್ಲಿ ಕೂಟದವರು ಒಬ್ಬೊಬ್ಬರಾಗಿ ಬೇರೆ ಊರುಗಳಿಗೆ ಹೋದರು. ಮಾಮ ತೀರಿಕೊಂಡಾಗ ಕನ್ನಡದವರೆಂದು ಉಳಿದದ್ದು ಅಮ್ಮ ಮತ್ತು ನಾನು. ಸ್ಮಶಾನದಲ್ಲಿ ತಮಿಳು ಸಭೆಯವರು ತಮ್ಮ ಹಾಡನ್ನು ಒಂದೇ ದನಿಯಲ್ಲಿ ಚೆನ್ನಾಗಿ ಹಾಡಿದರು. ಅವರದು ಮುಗಿದ ಮೇಲೆ ಅಮ್ಮ ನಮ್ಮ ಬೀಳ್ಕೊಡುವ ಹಾಡು ಎತ್ತಿದಳು. ನಾನು ಗದ್ದವನ್ನು ಎದೆಗೊತ್ತಿ ಬೇಸ್ ಹಿಡಿದೆ. ಹುಡುಗಿಯ ತೆಳು ದನಿಯಲ್ಲಿ ಅದು ಚೆನ್ನಾಗಿ ಕೇಳಿರಲಾರದು. ಪಕ್ಕದ ಹೆಂಗಸು ಅಮ್ಮನ ಕಡೆ ಬಾಗಿ, ಪಾಪ, ಹುಡುಗಿಗೆ ರಾಗ ಗೊತ್ತಿಲ್ಲ ಎಂದು ತಮಿಳಿನಲ್ಲಿ ಪಿಸುಗುಟ್ಟಿದಳು. ನಾನು ತಡವರಿಸಿ ನಿಂತೆ.

ಅಮ್ಮ ಹಾಡು ನಿಲ್ಲಿಸಿ ನನ್ನ ಕೈ ಹಿಡಿದುಕೊಂಡಳು. "ನೀನು ಬೇಸ್ ಹಾಡು, ರಾಗ ನಾನು ಹಿಡೀತೇನೆ" ಎಂದಳು. "ಇನ್ನು ಅಣ್ಣನನ್ನು ಒಬ್ಬರನ್ನೇ ಬಿಡುದು ಬೇಡ."