ವಿನೆಗರ್ ವಾಸನೆಯ ಆಡು

ಮಧೂರಿಗೆ ಬಂದ ಎಂಟನೆಯ ತಿಂಗಳಲ್ಲಿ ನನ್ನ ಕಬ್ಬಿಣದ ಟ್ರಂಕು ಹುಳಿಹುಳಿಯಾಗಿ ನಾರತೊಡಗಿತು. ಪತ್ತೆ ಹಚ್ಚಿದವರು ಮನೆಯ ಒಡತಿ ಸರೋಜಕ್ಕ.

“ಎಂತ ಮಾಸ್ಟ್ರೇ, ಕೋಣೆಯಲ್ಲಿ ವಿನೆಗರ್ ಚೆಲ್ಲಿದ್ದೀರಾ?”

ನಾನು ಮಾಸ್ತರನಲ್ಲ. ಧಾರವಾಡದ ಸುತ್ತಲಿನ ಶಾಲೆಗಳಲ್ಲಿ ಪ್ರೊಜೆಕ್ಟರ್ ಓಡಿಸಿ ನಿವೃತ್ತನಾದವನು. ಮಗಳಿಗೆ ಕಾಸರಗೋಡಿನ ಆಸ್ಪತ್ರೆಯಲ್ಲಿ ಕೆಲಸವಾದ್ದರಿಂದ ಅವಳೊಂದಿಗೆ ಇಲ್ಲಿಗೆ ಬಂದೆ. ಸರ್ಕಾರ ಕೊಡದ ಬಡ್ತಿಯನ್ನು ಸರೋಜಕ್ಕ ಕೊಟ್ಟರು, ನಾನು ನಿರಾಕರಿಸಲಿಲ್ಲ.

ಟ್ರಂಕಿನಲ್ಲಿದ್ದದ್ದು ಒಂದೇ ರೀಲು. ಸಿನಿಮಾಕ್ಕೆ ಆಗಷ್ಟೇ ಧ್ವನಿ ಬಂದ ಕಾಲದ, ಏಳು ನಿಮಿಷದ ಕಪ್ಪುಬಿಳುಪು ಕಾರ್ಟೂನು. ಒಂದು ಆಡು ಪಾತ್ರೆ ತೊಳೆಯುತ್ತದೆ. ಪ್ರತಿ ಪಾತ್ರೆಯೂ ಒಂದೊಂದು ಸ್ವರ ನುಡಿಯುತ್ತದೆ. ಯಾರೂ ಮಾತಾಡುವುದಿಲ್ಲ. ಈ ಪತ್ರ ಓದುತ್ತಿರುವ ಧಾರವಾಡದವರೇ, ನಿಮ್ಮಲ್ಲಿ ಅನೇಕರು ಶಾಲೆಯಲ್ಲಿ ಅದನ್ನು ನೋಡಿ ಬಿದ್ದುಬಿದ್ದು ನಕ್ಕಿದ್ದೀರಿ. ತುಳು ತಿಳಿಯದ, ಮಲಯಾಳಂ ಬಾರದ, ಅರ್ಜಿಗೆ ‘ಅಪೇಕ್ಷೆ’ ಎನ್ನುವ ಇಲ್ಲಿಯ ಕಚೇರಿಗಳಲ್ಲಿ ತಬ್ಬಿಬ್ಬಾಗುವ ನನ್ನನ್ನು ಊರಿಗೆ ಪರಿಚಯಿಸಲು ಆ ಆಡಿಗಿಂತ ಉತ್ತಮ ವಕೀಲರು ಇರಲಿಲ್ಲ.

ವಕೀಲರನ್ನು ಕೊಂದವನೂ ನಾನೇ. ಧಾರವಾಡದಲ್ಲಿ ರೀಲಿನ ವೈರಿ ಧೂಳು. ಮೂವತ್ತು ವರ್ಷದ ಶಿಸ್ತಿನಂತೆ ಪ್ಲಾಸ್ಟಿಕ್ ಸುತ್ತಿ, ಡಬ್ಬಿಯ ಬಾಯಿಗೆ ಟೇಪು ಅಂಟಿಸಿ, ಟ್ರಂಕಿಗೆ ಬೀಗ ಹಾಕಿದ್ದೆ. ಇಲ್ಲಿಯ ವೈರಿ ತೇವ. ಅದನ್ನು ಒಳಗೆ ಕೂರಿಸಿಯೇ ಬೀಗ ಹಾಕಿದ್ದೆ. ಫಿಲ್ಮು ಹುಳಿತು, ಕುಗ್ಗಿ, ಸುಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು.

ಹಳೆಯ ಸಹೋದ್ಯೋಗಿ ಈರಪ್ಪನಿಗೆ ಫೋನು ಮಾಡಿದೆ. “ಡಬ್ಬಿ ತಗದಿಡ್ರಿ. ಓಡಸಬ್ಯಾಡ್ರಿ ಮತ್ತ! ಅದಕ್ಕ ಒಣಾ ಹವಾ ಬೇಕ್ರಿ, ಇಲ್ಲೆ ಕಳಸ್ರಿ” ಎಂದ.

ಡಬ್ಬಿಯ ಮುಚ್ಚಳ ತೆರೆದಿಟ್ಟೆ. ಆದರೆ ಆಡಿನ ಸಿನಿಮಾ ನೋಡಲು ನೆರೆಯವರಿಗೆ ಆಗಲೇ ಆಹ್ವಾನ ಹೋಗಿತ್ತು.

ಭಾನುವಾರ ಮಧ್ಯಾಹ್ನ ಸರೋಜಕ್ಕನ ಚಾವಡಿಯ ಕಿಟಕಿಗಳಿಗೆ ಟಾರ್ಪಾಲು ಹೊದಿಸಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಎದುರಿಗೆ ನನ್ನ ಹಳೆಯ ಪ್ರೊಜೆಕ್ಟರ್ ಇಟ್ಟೆವು. ಶೀತವಾದಂತಿದ್ದ ಸಂಗೀತದಲ್ಲಿ ಆಡು ಮೂರು ಪಾತ್ರೆ ತೊಳೆಯಿತು. ನೀವು ನಗುತ್ತಿದ್ದ ಜಾಗದಲ್ಲೇ ಇವರೂ ನಕ್ಕರು. ಅಷ್ಟರಲ್ಲಿ ಯಂತ್ರದ ಹಲ್ಲು ಫಿಲ್ಮಿನ ತೂತು ತಪ್ಪಿ ಕಟಕಟ ಎಂದಿತು. ಸ್ವಿಚ್ಚಿಗೆ ಕೈ ಚಾಚಿದೆ.

“ನಿಲ್ಲಿಸ್ಬೇಡಿ ಮಾರಾಯ್ರೇ!” ಸರೋಜಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ಎಂಟು ತಿಂಗಳಲ್ಲಿ ಈ ಊರು ನನ್ನಿಂದ ಏನನ್ನಾದರೂ ಬೇಡಿದ್ದು ಅದೇ ಮೊದಲು. ಕೈ ಹಿಂದೆಗೆದೆ. ಅರ್ಧ ನಿಮಿಷ ಓಡಿತು. ಆಮೇಲೆ ಉಳಿದದ್ದು ಚೂರುಗಳು.

ಈರಪ್ಪನಿಗೆ ಇನ್ನೂ ಹೇಳಿಲ್ಲ. ಕಳಿಸಲು ಏನಾದರೂ ಇದ್ದರಲ್ಲವೆ?

ಸರೋಜಕ್ಕ ಮಾತ್ರ ದಿನವೂ ಕೇಳುತ್ತಾರೆ: “ಮತ್ತೆ ಆ ಆಡು ಎಂತ ಮಾಡಿದ್ದು?” ನಾನು ಹೇಳುತ್ತೇನೆ. ನಿನ್ನೆ ಅದು ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು ಹೊಳೆ ದಾಟಿತು.

“ಹೊಳೆ ಉಂಟಾ ಅದರಲ್ಲಿ?”

“ಉಂಟು” ಎಂದೆ.

ಮನೆಯೊಳಗೆ ಬಂದ ಮೇಲೆ ಅನುಮಾನ ಶುರುವಾಯಿತು. ಅಲ್ಲಿ ಹೊಳೆ ಇತ್ತೇ, ಅಥವಾ ಅದು ನಮ್ಮ ಕಿಟಕಿಯಾಚೆ ಕಾಣುವ ಮಧುವಾಹಿನಿ ಹೊಳೆಯೇ? ಧಾರವಾಡದ ಮಹನೀಯರೇ, ನಿಮಗೆ ಗಟ್ಟಿ ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ. ಹೊಳೆ ದಾಟಿದ ಆಡು ಮನೆಗೆ ಹಿಂದಿರುಗಿತೇ ಎಂದು ಸರೋಜಕ್ಕ ನಾಳೆ ಕೇಳುವವರಿದ್ದಾರೆ.